ಅರ್ಧ ಮಂಚದ ಗೇಣಿ

ಜೆಪ್ಪುವಿನಲ್ಲಿ, ಹಂಚಿನ ಕಾರ್ಖಾನೆಯಿದ್ದ ಕಡೆಯ ಓಣಿಯಲ್ಲಿ
ಫೆಲ್ಸಿ ಬಾಯಿಯ ಮನೆಯ ಹಿಂದುಗಡೆ
ಸೌದೆ ಕೊಟ್ಟಿಗೆಯಾಗಿದ್ದದ್ದು ಈಗ ರೂಮು.
ಒಂದು ಕಿಟಕಿ, ಒಂದು ನಳ್ಳಿ, ಒಂದು ಮಂಚ.
ತಿಂಗಳಿಗೆ ಒಂಬತ್ತು ಸಾವಿರ.
ನನ್ನ ಸಂಬಳ ಹದಿನೇಳೂವರೆ.
ಹಾಗಾಗಿ ಮಂಚವನ್ನು
ಉದ್ದಕ್ಕಲ್ಲ, ಅಡ್ಡಕ್ಕೂ ಅಲ್ಲ,
ಗಡಿಯಾರದ ಮೇಲಿಟ್ಟು ಕೊಯ್ದೆವು.

ಸಂಜೆ ಏಳಕ್ಕೆ ನಾನು ಕಂಕನಾಡಿಗೆ ಹೊರಡುತ್ತೇನೆ,
ಯಾರದೋ ರಕ್ತ ಯಂತ್ರದೊಳಗೆ ಹೋಗಿ ತೊಳೆದುಕೊಂಡು
ಮರಳಿ ಬರುವುದನ್ನು ರಾತ್ರಿಯಿಡೀ ಕಾಯಲು.
ಏಳೂವರೆಗೆ ಕರ್ಕೇರ ಬಂದು ಬೀಳುತ್ತಾನೆ.
ಮೂರಕ್ಕೆ ಎದ್ದು ದಕ್ಕೆಗೆ ನಡೆದು
ಬಂಗುಡೆ ಎಷ್ಟು ಬುಟ್ಟಿ, ಬೂತಾಯಿ ಎಷ್ಟು, ಬರೆಯುತ್ತಾನೆ.
ಎಂಟಕ್ಕೆ ನಾನು ಬಂದಾಗ ಹಾಸಿಗೆಯಲ್ಲಿ
ಅವನು ಮಲಗಿದ್ದ ತಗ್ಗು.
ಅವನು ಗಿಡ್ಡ. ನನ್ನ ಕಾಲು ತಗ್ಗಿನ ಹೊರಗೆ.
ದಿಂಬಿಗೆ ಮೀನಿನ ನಾತ ಅಂತ ನಾನು,
ಸ್ಪಿರಿಟ್ ನಾತ ಅಂತ ಅವನು,
ಇಬ್ಬರೂ ಚೀಟಿಯಲ್ಲೇ ಜಗಳಾಡುತ್ತೇವೆ:
'ಗ್ಯಾಸ್ ಮುಗಿಯಿತು.'
'ಗಂಜಿ ಮುಚ್ಚಿಟ್ಟಿದ್ದೇನೆ, ಬೆಕ್ಕು ಉಂಟು.'
'ಬಾಚಣಿಗೆ ನನ್ನದು ಮಾರಾಯ.'

ಅಡ್ವಾನ್ಸ್ ಮೂವತ್ತು ಸಾವಿರ, ಅದು ಅವನ ಅಕ್ಕನ ಬಳೆ.
ಅದರ ಬಗ್ಗೆ ಚೀಟಿ ಬರೆಯುವುದಿಲ್ಲ.

ನನ್ನ ಅಜ್ಜ ವರ್ಷಕ್ಕೆ ಹನ್ನೆರಡು ಮುಡಿ ಅಕ್ಕಿ
ಗೇಣಿ ಅಳೆಯುತ್ತಿದ್ದರಂತೆ ಸಿದ್ಧಕಟ್ಟೆಯಲ್ಲಿ.
ಆಮೇಲೆ ಕಾನೂನು ಬಂತು, ಡಿಕ್ಲರೇಶನ್ ಕೊಟ್ಟರು,
ಒಡೆಯರ ಮುಖ ನೋಡದೆ ಎರಡು ವರ್ಷ ಬೇರೆ ದಾರಿಯಲ್ಲಿ ನಡೆದರು,
ಮುಕ್ಕಾಲು ಎಕರೆ ಸಿಕ್ಕಿತು. ಏಳು ಮಕ್ಕಳಿಗೆ.
ನನ್ನ ಪಾಲಿಗೆ ಬಂದದ್ದು ಈ ಕತೆ ಮಾತ್ರ.
ಅಮ್ಮ ಫೋನಿನಲ್ಲಿ ಕೇಳುತ್ತಾರೆ:
"ಎಂತ, ಅರ್ಧ ಸಂಬಳ ಮಲಗಲಿಕ್ಕೇ ಹೋಗ್ತದಾ?"
ಅರ್ಧ ಅಲ್ಲಮ್ಮ, ಕಾಲು ಚಿಲ್ಲರೆ.
ಅರ್ಧವಾದರೆ ಪೂರ್ತಿ ಮಂಚ ಸಿಗುತ್ತಿತ್ತು.

ಉಳುವವನೇ ಹೊಲದೊಡೆಯನಾದ ಊರಿನಲ್ಲಿ
ಮಲಗುವವನೇ ಮಂಚದೊಡೆಯ
ಎಂದು ಯಾರಾದರೂ ಒಂದು ಕಾನೂನು ತಂದರೆ
ಡಿಕ್ಲರೇಶನ್ನಿಗೆ ಇಬ್ಬರ ಸಹಿ ಬೇಕಾದೀತು.
ಒಬ್ಬ ಎದ್ದಿರುವಾಗ ಇನ್ನೊಬ್ಬ ನಿದ್ದೆಯಲ್ಲಿ.

ಜೂನ್ ಬಂತು. ಬೋಟುಗಳೆಲ್ಲ ದಡಕ್ಕೆ.
ಸಮುದ್ರಕ್ಕೆ ಎರಡು ತಿಂಗಳು ರಜೆ, ಕರ್ಕೇರನ ಸಂಬಳಕ್ಕೂ.
ಬಾಡಿಗೆಗೆ ರಜೆಯಿಲ್ಲ.
ಫೆಲ್ಸಿ ಬಾಯಿ ಹೆಬ್ಬೆರಳು ಒದ್ದೆ ಮಾಡಿ ನೋಟು ಎಣಿಸಿ
"ಮುಂದಿನ ತಿಂಗಳಿಂದ ಹತ್ತೂವರೆ" ಎಂದರು.
"ಅಂಗಡಿಯಾಚೆ ಹೊಸ ಬಿಲ್ಡಿಂಗಿನಲ್ಲಿ ಹದಿನಾಲ್ಕು ಕೇಳ್ತಾರೆ ಗೊತ್ತುಂಟಾ?
ನೀವು ಎರಡು ತಲೆ. ನೀರು ಎರಡು ತಲೆಗೆ."
ಮತ್ತೆ ಒಳಗೆ ಹೋಗಿ ಬಿಂಬುಳಿ ಉಪ್ಪಿನಕಾಯಿಯ ಕುಪ್ಪಿ ತಂದುಕೊಟ್ಟರು.
ಅವರ ಹಂಚೂ ಸೋರುತ್ತದೆ,
ಗಂಡನ ಮಾತ್ರೆಯ ಬಿಲ್ಲನ್ನು ನಾನೇ ಓದಿ ಹೇಳಿದ್ದೇನೆ.
ಸಿಟ್ಟು ಬರುವುದಕ್ಕೂ ಒಂದು ಸರಿಯಾದ ಮುಖ ಬೇಕು.

ಆ ವಾರ ನನಗೂ ಒಂದು ರಾತ್ರಿ ರಜೆ ಬಿತ್ತು.
ಹನ್ನೊಂದು ತಿಂಗಳಲ್ಲಿ ಮೊದಲ ಸಲ
ಇಬ್ಬರೂ ಒಂದೇ ಹೊತ್ತಿಗೆ ರೂಮಿನಲ್ಲಿ.
ಅವನ ಗಲ್ಲದ ಮೇಲೆ ಮಚ್ಚೆಯಿರುವುದು ನನಗೆ ಗೊತ್ತೇ ಇರಲಿಲ್ಲ.
"ನೀನು ಮಲಗು."
"ಛೆ, ಈ ಹೊತ್ತು ನಿನ್ನದು."
"ದಕ್ಕೆಯೇ ಇಲ್ಲ, ನನಗೆಂತ ಹೊತ್ತು?"
ಹೊಸ್ತಿಲಲ್ಲಿ ಕೂತೆವು. ಸೂರಿನ ನೀರು ಬಕೆಟಿಗೆ.
ಉಪ್ಪಿನಕಾಯಿ ನೆಕ್ಕುತ್ತ ಲೆಕ್ಕ ಹಾಕಿದೆವು:
ದಿನಕ್ಕೆ ಮುನ್ನೂರು, ರಾತ್ರಿಗೆ ನೂರೈವತ್ತು,
ಖಾಲಿ ಮಂಚಕ್ಕೆ.
ಅವನು ಜೋರಾಗಿ ನಕ್ಕ. ಒಳಮನೆಯಲ್ಲಿ ದೀಪ ಹತ್ತಿ ಆರಿತು.

ಮೂರು ಗಂಟೆಗೆ, ಅಭ್ಯಾಸಬಲದಿಂದ,
ಕರ್ಕೇರ ಎದ್ದು ಅಂಗಿ ಹಾಕಿಕೊಂಡ,
ಮತ್ತೆ ಬಿಚ್ಚಿ ಮೊಳೆಗೆ ಸಿಕ್ಕಿಸಿದ.
ನಾನು ಹಾಸಿಗೆಯ ಮೇಲೆ ಕೈಯಿಟ್ಟೆ.
ಇಷ್ಟು ದಿನ ಅದು ಬೆಚ್ಚಗೇ ಸಿಕ್ಕಿತ್ತು.
ಈಗ ತಣ್ಣಗಿತ್ತು,
ಫೆಲ್ಸಿ ಬಾಯಿಯ ಮಂಚ.